ಗಣ್ಯರು ನಿಲ್ಲುವಂತಿಲ್ಲ

ಸುಗಮ ಸಂಚಾರ ಮಂಡಳಿಯ ಬೆಳಗಾವಿ ಕಚೇರಿಯ ಜಾಲತಾಣವು ಸರ್ವರಿಗೂ ಸುಗಮವಾಗಿದೆ. ಹಾಗೆಂದು ಅದರ ಮುಖಪುಟದಲ್ಲೇ ಬರೆದಿರುವುದರಿಂದ ದೂರು ಬರಲು ಅವಕಾಶವೇ ಇರಲಿಲ್ಲ. ಆದರೂ ಒಂದು ಬಂತು.

ತಂದವರು ನಂದಗಡದ ಅಖ್ತರಿ. ಹುಟ್ಟಿನಿಂದ ಕಣ್ಣು ಕಾಣದ ಇವರು ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ದಿನಾ ಓಡಾಡುವ ಬಸ್ಸಿನ ಪಾಸು ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ನವೀಕರಣದ ಅರ್ಜಿ ಜಾಲತಾಣದಲ್ಲಿ ಮಾತ್ರ.

"ಪರದೆ ಮ್ಯಾಲಿಂದು ನನ್ನ ಮೊಬೈಲ್ ಓದಿ ಹೇಳ್ತೈತ್ರಿ ಸರ. ಆದ್ರ ಮ್ಯಾಲೆ ಫೋಟೋ ತಿರಗತಾವಲ್ಲ, ಮೂರು ಸೆಕೆಂಡಿಗೊಮ್ಮೆ 'ಮಾನ್ಯರು ರಿಬ್ಬನ್ ಕತ್ತರಿಸುತ್ತಿರುವುದು' ಅಂತ ಮತ್ತ ಮೊದಲಿಂದ ಶುರು ಮಾಡ್ತೈತಿ. ಅರ್ಜಿ ತನಕಾ ಹೋಗಾಕ ಮಾನ್ಯರು ಬಿಡವಲ್ರು."

ಅಧೀಕ್ಷಕ ಚನ್ನಬಸಯ್ಯನವರು ಜಾಲತಾಣ ಮಾಡಿಕೊಟ್ಟ ಖಾಸಬಾಗದ ಸುಜಯನನ್ನು ಕರೆಸಿದರು.

"ಸರಳ ಐತ್ರಿ ಸರ. ಫೋಟೋ ತಿರಗೂದು ನಿಲ್ಲಿಸಿಬಿಡೂಣು."

"ಯಾರ ಮ್ಯಾಲ ನಿಲ್ಲಸ್ತೀಪಾ?"

ಸುಜಯ ಫೋಟೋದಲ್ಲಿದ್ದವರನ್ನು ಎಣಿಸಿದ. ಗಣ್ಯರು ಹನ್ನೊಂದು ಜನ. ಒಬ್ಬರ ಮೇಲೆ ನಿಂತರೆ ಹತ್ತು ಜನಕ್ಕೆ ಅವಮಾನ.

"ತೆಗದಬಿಟ್ರ?" ಎಂದರು ಅಖ್ತರಿ.

ಚನ್ನಬಸಯ್ಯನವರು ನೀರು ಕುಡಿದರು.

ಸಭೆ ಸೇರಿತು. ಸುತ್ತೋಲೆ ಹೊರಟಿತು: "ಗಣ್ಯರ ಚಲನೆಗೂ ಅಂಧರ ಅನುಕೂಲಕ್ಕೂ ಸಮತೋಲನ ಕಾಯ್ದುಕೊಳ್ಳುವ ದೃಷ್ಟಿಯಿಂದ ಪ್ರತಿ ಫೋಟೋದ ಅವಧಿಯನ್ನು ಮೂರರಿಂದ ನಾಲ್ಕು ಸೆಕೆಂಡಿಗೆ ಏರಿಸಲಾಗಿದೆ. ಸದರಿ ಸಾಧನೆಯ ನಿಮಿತ್ತ ಅರ್ಜಿದಾರರಿಗೆ ಸಾಂಕೇತಿಕವಾಗಿ ಪಾಸು ವಿತರಿಸಲಾಗುವುದು."

ಮೂವತ್ತರಂದು ಸಮಾರಂಭ. ಅಖ್ತರಿಯವರಿಗೆ ಶಾಲು, ಹಾರ, ನಾಲ್ಕು ಅಡಿ ಉದ್ದದ ರಟ್ಟಿನ ಪಾಸು. ಆ ಫೋಟೋ ಹನ್ನೆರಡನೆಯದಾಗಿ ಜಾಲತಾಣ ಸೇರಿತು.

"ಖರೇ ಪಾಸು?"

"ಅದಕ್ಕ ಜಾಲತಾಣದಾಗ ಅರ್ಜಿ ಹಾಕ್ರಿ ಅಕ್ಕಾರ," ಎಂದರು ಚನ್ನಬಸಯ್ಯ.

ಒಂದನೇ ತಾರೀಖು ಅಖ್ತರಿ ಆ ರಟ್ಟನ್ನೇ ಹೊತ್ತು ಬಸ್ ಹತ್ತಿದರು. ಕಂಡಕ್ಟರ್ ಸಿದ್ದಕ್ಕ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮೊಹರಿತ್ತು. ಹನ್ನೊಂದು ಸಹಿ ಇದ್ದವು.

"ಪಾಸು ನಡೀತೈತ್ರಿ. ಆದ್ರ ಇಷ್ಟುದ್ದ ಸಾಮಾನಕ್ಕ ಲಗೇಜ್ ಟಿಕೀಟ್ ಆಗ್ತೈತಿ."

"ಎಷ್ಟವ್ವಾ?"

"ಒಬ್ಬರ ಟಿಕೀಟಿನಷ್ಟ."

ಅಖ್ತರಿ ಕೊಟ್ಟರು. ಇಂದಿಗೂ ದಿನಾ ಕೊಡುತ್ತಾರೆ. ಖಾನಾಪುರ ದಾಟುವಷ್ಟರಲ್ಲಿ ಬಸ್ಸು ತುಂಬುತ್ತದೆ. ದುಡ್ಡು ಕೊಟ್ಟಿರುವುದು ರಟ್ಟಿಗಾದ್ದರಿಂದ ಸೀಟು ಅದಕ್ಕೇ ಸಲ್ಲಬೇಕೆಂದು ಪ್ರಯಾಣಿಕರೆಲ್ಲ ಒಪ್ಪಿದ್ದಾರೆ. ಪಾಸು ಕಿಟಕಿಯ ಬಾಜು ಕುಂತು ಬರುತ್ತದೆ. ಅಖ್ತರಿಯವರು ಅದನ್ನು ಹಿಡಿದುಕೊಂಡು ನಿಂತು ಬರುತ್ತಾರೆ.