ಮಾವ ಒಡೆಯಲೊಲ್ಲದ ತೆಂಗಿನಕಾಯಿ

ಬಂಡವಾಳಶಾಹಿಯನ್ನು ಒಂಟಿಯಾಗಿ ನಡುಗಿಸಿದವರು ನಮ್ಮ ಸೋದರಮಾವ. ನಂಬಿಕೆ ಬಾರದಿದ್ದರೆ ತ್ಯಾಗರಾಜನಗರದ ಯಾವ ದಿನಸಿ ಅಂಗಡಿಯವನನ್ನಾದರೂ ಕೇಳಿ. ಮಾವ ಚೀಲ ಹಿಡಿದು ಬರುವುದು ಕಂಡರೆ ಸಾಕು, ಆತ ತಕ್ಕಡಿ ಒರೆಸಿ ಇಡುತ್ತಿದ್ದ. ಕಾಲು ಕೆಜಿ ಬೇಳೆಯ ಜೊತೆ ಶೋಷಣೆಯ ಮೇಲೊಂದು ಭಾಷಣ ಯಾರಿಗೆ ಬೇಕು?

ಹರೆಯದಲ್ಲಿ ಅವರು ಕಾರ್ಖಾನೆಯೊಂದರಲ್ಲಿ ಮುಷ್ಕರ ಮಾಡಿಸಿ ಜೈಲಿಗೆ ಹೋಗಿದ್ದರು. ಮುಷ್ಕರ ಗೆದ್ದಿತು, ಕಾರ್ಖಾನೆ ಮುಚ್ಚಿತು. ಹಾಗಾಗಿ ಬೀದಿಯಲ್ಲಿ ಕೆಲವರು ಅವರಿಗೆ ಕೈಮುಗಿಯುತ್ತಿದ್ದರು, ಕೆಲವರು ಕಂಡೊಡನೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ಪಕ್ಷ ಅವರನ್ನು ಉಚ್ಚಾಟಿಸಿತು. ಮರುದಿನವೇ ಅವರು ಪಕ್ಷವನ್ನು ಉಚ್ಚಾಟಿಸಿದರು. ತೊಂಬತ್ತರ ದಶಕದ ಹೊತ್ತಿಗೆ ರಷ್ಯಾದಲ್ಲೇ ಕೆಂಬಾವುಟ ಇಳಿದಿತ್ತು. ಮಾವನ ತಾರಸಿಯ ಮೇಲೆ ಮಾತ್ರ ಇನ್ನೂ ಹಾರುತ್ತಿತ್ತು, ಅತ್ತೆಯ ಸಂಡಿಗೆಯ ಪಕ್ಕದಲ್ಲಿ, ಕಾಗೆ ಓಡಿಸಲು ಅನುಕೂಲವಾಗಿ!

ಮನೆಯಲ್ಲೂ ಹೋರಾಟ ನಿಂತಿರಲಿಲ್ಲ. ಎರಡನೇ ಕಾಫಿಗಾಗಿ ಒಮ್ಮೆ ಅಡುಗೆಮನೆಯ ಬಾಗಿಲಲ್ಲಿ ಧರಣಿ ಕೂತರು. ಅತ್ತೆ ಒಳಗಿಂದ ಚಿಲಕ ಹಾಕಿಕೊಂಡು, "ಲಾಕೌಟು ಕಣ್ರೀ," ಎಂದರು. ಊಟದ ಹೊತ್ತಿಗೆ ಮುಷ್ಕರ ಬೇಷರತ್ತಾಗಿ ವಾಪಸಾಯಿತು.

ಮಾವ ಸೋಲದೆ ಉಳಿದದ್ದು ಒಂದೇ ವ್ಯಾಜ್ಯದಲ್ಲಿ. ಅವರು ಜೈಲಿನಲ್ಲಿದ್ದಾಗ ಅತ್ತೆ, ಗಂಡ ಸುಖವಾಗಿ ಮನೆಗೆ ಬಂದರೆ ಅವರ ಕೈಯಿಂದಲೇ ಕಾಯಿ ಒಡೆಸುತ್ತೇನೆಂದು ಹನುಮಂತನಗರದ ಗುಡ್ಡದ ಆಂಜನೇಯನಿಗೆ ಹರಕೆ ಹೊತ್ತಿದ್ದರು.

"ನನ್ನ ಕೇಳ್ದೆ ನೀನು ಮಾಡ್ಕೊಂಡ ಒಪ್ಪಂದಕ್ಕೆ ನಾನು ಬದ್ಧ ಅಲ್ಲ ಕಣೇ," ಎನ್ನುತ್ತಿದ್ದರು ಮಾವ. "ಅಲ್ದೆ ನಿನ್ನ ಹನುಮಂತ ಸಮುದ್ರ ಹಾರಿದ್ನಲ್ಲ, ಓವರ್‌ಟೈಮ್ ಕೊಟ್ರಾ? ಒಂದು ಯೂನಿಯನ್ ಕಟ್ಟೋಕಾಗ್ಲಿಲ್ಲ ಅವನ ಕೈಲಿ."

ಆದರೂ ಶನಿವಾರ ಬಂತೆಂದರೆ ಅತ್ತೆಯ ಜೊತೆ ಗುಡ್ಡದವರೆಗೆ ನಡೆದು, ಮೆಟ್ಟಿಲ ಬುಡದಲ್ಲಿ ಅವರ ಚಪ್ಪಲಿ ಕಾಯುತ್ತ ಕೂರುತ್ತಿದ್ದರು.

"ಒಂದ್ಸಲ ಹತ್ತಿ ಬಂದ್ರೆ ಏನ್ರೀ ಸವೆದುಹೋಗುತ್ತೆ?"

"ಸಿದ್ಧಾಂತ."

ಅತ್ತೆ ಮುಖ ಸಣ್ಣದು ಮಾಡಿಕೊಂಡು ಒಬ್ಬರೇ ಹತ್ತುತ್ತಿದ್ದರು. ಹರಕೆ ತೀರಿಸದೆ ಸತ್ತರೆ ದೇವರಿಗೆ ಹೇಗೆ ಮುಖ ತೋರಿಸಲಿ ಎಂಬ ಕೊರಗು ಅವರಿಗೆ ನಿಜಕ್ಕೂ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅತ್ತೆಯ ಹೃದಯಕ್ಕೆ ಆಪರೇಷನ್ ಆಗಬೇಕಾಯಿತು. ಅವರನ್ನು ಒಳಗೆ ಕರೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಬೆಂಚಿನ ಮೇಲಿದ್ದ ಮಾವ ತಟ್ಟನೆ ಎದ್ದರು.

"ಸ್ಕೂಟರ್ ತೆಗಿ."

"ಎಲ್ಲಿಗೆ ಮಾವ?"

"ಗುಡ್ಡಕ್ಕೆ. ಯಾರ ಹತ್ರಾನೂ ಬಾಯಿ ಬಿಡ್ಬೇಡ."

ಚಪ್ಪಲಿಯನ್ನು ತಾವು ಯಾವಾಗಲೂ ಕೂರುತ್ತಿದ್ದ ಜಾಗದಲ್ಲೇ ಬಿಟ್ಟು, ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರು. ಕಾಯಿಯನ್ನು ತಮ್ಮ ಕೈಯಿಂದಲೇ ಒಡೆದರು. ಅರ್ಚಕರು, "ಯಾರ ಹೆಸರಿಗೆ ಸಾರ್?" ಎಂದಾಗ ಅತ್ತೆಯ ಹೆಸರು, ನಕ್ಷತ್ರ, ರಾಶಿ ಎಲ್ಲವನ್ನೂ ತಡವರಿಸದೆ ಹೇಳಿದರು. ಈ ನಾಸ್ತಿಕರಿಗೆ ಅದೆಲ್ಲ ಯಾವಾಗ ಬಾಯಿಪಾಠವಾಗಿತ್ತೋ! ಆಮೇಲೆ ಆಂಜನೇಯನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ನಮ್ಮ ಕಡೆಯಿಂದ ಒಪ್ಪಂದ ತೀರ್ತು. ಇನ್ನು ನೀನು ನಿಮ್ಮ ಮ್ಯಾನೇಜ್ಮೆಂಟ್ ಹತ್ರ ಮಾತಾಡಪ್ಪ."

ಮ್ಯಾನೇಜ್ಮೆಂಟು ಮಣಿಯಿತು. ಅತ್ತೆ ಮನೆಗೆ ಬಂದರು. ಕಾಯಿಯ ವಿಷಯ ನಾನೇ ಅವರ ಕಿವಿಗೆ ಹಾಕಿದೆ, ಬಿಡಿ.

ಕೆಲವು ವರ್ಷಗಳ ಮೇಲೆ ಮೊದಲು ಹೋದವರು ಮಾವ. ಮಂತ್ರ ಬೇಡ, ಬಾವುಟ ಸಾಕು ಎಂದು ಹೇಳಿಟ್ಟಿದ್ದರು. ಆದರೂ ನೆಂಟರು ಪುರೋಹಿತರನ್ನು ಕರೆಸಿದರು. ಅತ್ತೆ ಅವರಿಗೆ ಕೈಮುಗಿದು, "ತಪ್ಪು ತಿಳ್ಕೋಬೇಡಿ. ನನ್ನ ಮಾತು ಅವ್ರು ನಡೆಸ್ಕೊಟ್ರು, ಅವರ ಮಾತು ನಾನು ನಡೆಸ್ಬೇಕು," ಎಂದು ಕಳಿಸಿಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ತಾರಸಿಯಿಂದ ಬಾವುಟ ತರಿಸಿ ತಾವೇ ಹೊದಿಸಿದರು. ಮಾವನಿಗೆ ಚಳಿಯಾದೀತು ಎಂಬಂತೆ ಅದರ ಅಂಚನ್ನು ಪಾದದ ಕೆಳಗೆ ಸೇರಿಸಿದರು.