ಕುಕ್ಕಪ್ಪ ಗೌಡರ ದೊಡ್ಡಕ್ಷರದ ಹೇಳಿಕೆ

ಇಂಗ್ಲಿಷಿನ ದೊಡ್ಡಕ್ಷರ ಇರುವುದೇ ದೊಡ್ಡ ಮನುಷ್ಯರಿಗಾಗಿ ಎಂದು ಬೆಳ್ಳಾರೆಯ ಕುಕ್ಕಪ್ಪ ಗೌಡರು ಬಹುಕಾಲದಿಂದ ನಂಬಿದ್ದರು. ಕನ್ನಡದಲ್ಲಾದರೆ 'ನೀವು', 'ತಾವು' ಎಂದೆಲ್ಲ ಉಂಟು. ಪಾಪ, ಇಂಗ್ಲಿಷಿನಲ್ಲಿ ಮಾವನಿಗೂ 'ಯೂ', ಮನೆಯ ಬೆಕ್ಕಿಗೂ 'ಯೂ'! ಆ ಕೊರತೆ ನೀಗಿಸುವುದಕ್ಕೇ ಯಾರೋ ಪುಣ್ಯಾತ್ಮ ದೊಡ್ಡಕ್ಷರ ಮಾಡಿಟ್ಟಿರಬೇಕು. ಇನ್ನು ಫುಲ್‌ಸ್ಟಾಪ್ ಎಂದರೆ ಕೈಮುಗಿದು ನಿಲ್ಲುವ ಜಾಗ. ಚುಕ್ಕಿ ಹೆಚ್ಚಿದಷ್ಟೂ ವಿನಯ ಹೆಚ್ಚು!

ಗೊಬ್ಬರದ ಅಂಗಡಿಯಲ್ಲಿ ಕೂತಿರುವಷ್ಟು ದಿನ ಈ ಪಾಂಡಿತ್ಯದಿಂದ ಯಾರಿಗೂ ಅಪಾಯವಾಗಲಿಲ್ಲ. ಆದರೆ ಮಗಳು ನಿಖಿತಾಳಿಗೆ ಕಡಬದ ಸಂಬಂಧ ಕೂಡಿಬಂತು. ಹುಡುಗ ಅಶ್ವಿತ್. ಅವನ ಅಪ್ಪ ಧರ್ಮಪಾಲ ಮಾಷ್ಟ್ರು ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಭಾನುವಾರ ನಿಶ್ಚಿತಾರ್ಥ. ನಮ್ಮ ಕಡೆ ದಿನ ಗೊತ್ತಾದರೆ ಸಾಲದು, ಹೇಳಿಕೆಯೂ ಹೋಗಬೇಕು. 'ಬಂದು ಉಂಡು ಹೋಗಬೇಕು' ಎಂದು ಬಾಯ್ತುಂಬ ಹೇಳದಿದ್ದರೆ ಕರೆದ ಲೆಕ್ಕವೇ ಅಲ್ಲ.

"ಒಮ್ಮೆ ಮನೆಗೇ ಹೋಗಿ ಹೇಳಿ ಬರುವ" ಎಂದರು ಹೆಂಡತಿ ಕುಮುದಿನಿ.

"ಇಂಗ್ಲಿಷ್ ಮಾಷ್ಟ್ರಿಗೆ ಇಂಗ್ಲಿಷಿನಲ್ಲೇ ಹೇಳಿಕೆ! ಅವರು ಅದಕ್ಕೆ ಫ್ರೇಮ್ ಹಾಕಿಸ್ಬೇಕು, ನೋಡು!"

"ಕನ್ನಡದಲ್ಲಿ ಕರೆದ್ರೆ ಊಟ ಸೇರುದಿಲ್ವಾ ಅವರಿಗೆ?"

ಮಹಾಪುರುಷರು ಇಂಥ ಮಾತಿಗೆಲ್ಲ ಉತ್ತರ ಕೊಡುವುದಿಲ್ಲ. ಗೌಡರು ಫೋನು ಹಿಡಿದು, ಬೆವರು ಸುರಿಸಿ, ಒಂದೇ ಒಂದು ಸಣ್ಣಕ್ಷರವೂ ನುಸುಳದಂತೆ, ಪದಪದಕ್ಕೂ ಚುಕ್ಕಿಯಿಟ್ಟು ಕಳಿಸಿಯೇ ಬಿಟ್ಟರು: "ಸಂಡೆ. ಕಮ್. ಈಟ್. ಗೋ."

ಓದಿದ್ದಕ್ಕೆ ಗುರುತಾಗಿ ನೀಲಿ ಗೀಟು ಬಿತ್ತು. ಉತ್ತರ ಬರಲಿಲ್ಲ. ಮರ್ಯಾದೆ ಸ್ವಲ್ಪ ಕಡಿಮೆಯಾಯಿತೋ ಏನೋ ಎಂದು ಮಾರನೆಯ ಬೆಳಿಗ್ಗೆ ಮತ್ತಷ್ಟು ಬಡಿಸಿದರು, ಅದೂ ದೊಡ್ಡಕ್ಷರದಲ್ಲೇ: "ವೈ. ನೋ. ಆನ್ಸರ್."

ಈ ಸಲ ತಕ್ಷಣ ಬಂತು. "ಓಕೆ." ಎರಡೂ ಸಣ್ಣಕ್ಷರ, ಕೊನೆಗೊಂದು ಚುಕ್ಕಿ.

"ನನಗೆ ಸಣ್ಣಕ್ಷರವಾ! ಹೆಣ್ಣು ಕೊಡುವವರು ಅಂದ್ರೆ ಅಷ್ಟು ಸಸಾರವಾ?" ಎಂದು ಗೌಡರು ಹಾರಾಡತೊಡಗಿದಾಗ ನಿಖಿತಾ ಫೋನು ಕಸಿದು ನೋಡಿದಳು. ನೋಡಿ ಹಾಗೆಯೇ ನೆಲದ ಮೇಲೆ ಕುಳಿತಳು.

"ಅಪ್ಪ, ಎಲ್ಲ ದೊಡ್ಡಕ್ಷರ ಹಾಕಿದ್ರೆ ಬೊಬ್ಬೆ ಹೊಡೆದ ಹಾಗೆ! 'ಬಾ, ತಿನ್ನು, ಹೋಗು' ಅಂತ ಕಿರುಚಿದ್ದೀರಿ ನೀವು!"

"ವಿನಯಕ್ಕೆ ಚುಕ್ಕಿ ಇಟ್ಟಿದ್ದೇನಲ್ಲ?"

"ಅದು ಒಂದೊಂದು ಮಾತಿಗೂ ಮೇಜು ಗುದ್ದಿದ ಹಾಗೆ!"

"ಅವರೂ ಒಂದು ಇಟ್ಟಿದ್ದಾರೆ."

"ಅದು 'ನಿಮ್ಮ ಸಂಗ ಸಾಕು' ಅಂತ! ಅವನ ಅಪ್ಪ ಭಾನುವಾರ ಬರುದಿಲ್ಲ ಅಂತಿದ್ದಾರೆ ಅಂತ ಅಶ್ವಿತ್ ಬೆಳಿಗ್ಗೆಯಿಂದ ಒಂದೇ ಸಮ ಮೆಸೇಜ್ ಮಾಡ್ತಾ ಇದ್ದಾನೆ!" ಎನ್ನುತ್ತ ಅತ್ತೇ ಬಿಟ್ಟಳು.

ಅಡುಗೆಯವರಿಗೆ ಹೇಳಿಯಾಗಿದೆ, ಅಂಗಳಕ್ಕೆ ಚಪ್ಪರ ಹಾಕಿಯಾಗಿದೆ, ಬರುವ ಗಂಡಿನ ಕಡೆಯವರನ್ನು ಮಾತ್ರ ತಾವೇ ಓಡಿಸಿಯಾಗಿದೆ! ಇಡೀ ಸುಳ್ಯ ಸೀಮೆಯಲ್ಲಿ ಮರ್ಯಾದೆ ಹೆಚ್ಚಾಗಿ ಮಗಳ ಸಂಬಂಧ ಮುರಿದ ಅಪ್ಪ ತಾನೊಬ್ಬನೇ ಇರಬೇಕು ಅನ್ನಿಸಿ, ಗೌಡರು ಸಿಕ್ಕಿದ ಜೀಪು ಹತ್ತಿದರು. ಪಕ್ಕದಲ್ಲಿ ಕುಮುದಿನಿ.

ಧರ್ಮಪಾಲ ಮಾಷ್ಟ್ರು ಜಗಲಿಯಲ್ಲೇ ಕೂತಿದ್ದರು. ಪಕ್ಕದಲ್ಲಿ ಅವರ ವಯಸ್ಸಾದ ತಾಯಿ ದುಗ್ಗಮ್ಮ.

"ನಾನು ಮರ್ಯಾದೆಗೇ ದೊಡ್ಡಕ್ಷರ ಹಾಕಿದ್ದು ಮಾಷ್ಟ್ರೇ! ದೇವರಾಣೆಗೂ!"

"ನಿಮ್ಮ ಮರ್ಯಾದೆಯ ಅರ್ಥ ಕನ್ನಡದಲ್ಲಿ ಹೇಳಿದ ಮೇಲೆ ನಮ್ಮ ಅಮ್ಮ ಊಟವೇ ಮಾಡ್ಲಿಲ್ಲ."

ಕುಮುದಿನಿ ಗಂಡನನ್ನು ಬದಿಗೆ ಸರಿಸಿ, ದುಗ್ಗಮ್ಮನ ಎರಡೂ ಕೈ ಹಿಡಿದುಕೊಂಡು, ಹೇಳಬೇಕಾದದ್ದನ್ನು ಹೇಳಬೇಕಾದ ಹಾಗೆ ಹೇಳಿದರು. ಮುದುಕಿಯ ಮುಖ ಅರಳಿತು.

"ಇಷ್ಟು ಹೇಳ್ಲಿಕ್ಕೆ ಎಂತ ಬೇನೆ ಇತ್ತು ನಿನ್ನ ಗಂಡನಿಗೆ? ಬರ್ತೇವೆ ಮಗಾ. ಎಲ್ಲರೂ ಬರ್ತೇವೆ."

ಗೌಡರಿಗೆ ಹೋದ ಜೀವ ಬಂದಂತಾಯಿತು. ಜೀವದ ಹಿಂದೆಯೇ ಉತ್ಸಾಹವೂ ಬಂತು!

"ಮಾಷ್ಟ್ರೇ, ನೆನಪಿಗೆ ಶನಿವಾರ ಒಂದು ಮೆಸೇಜ್ ಹಾಕ್ಲಾ? ಪೂರ್ತಿ ಸಣ್ಣಕ್ಷರ, ಚುಕ್ಕಿ ಒಂದೂ ಇಲ್ಲ!"

"ಹಾಕಿದ್ರೆ ಬರುದಿಲ್ಲ" ಎಂದರು ಮಾಷ್ಟ್ರು.