ಮೂರನೆಯವರಿಗೆ ಜಾಗವಿಲ್ಲ

ನಾನು ಮದುವೆಯಾದದ್ದು ನಳಿನಾಕ್ಷಿ ಎಂಬ ಒಬ್ಬಳನ್ನೇ. ಲಗ್ನಪತ್ರಿಕೆಯಲ್ಲಿಯೂ ಹಾಗೆಯೇ ಅಚ್ಚಾಗಿತ್ತು. (ಮಣಿಪಾಲದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವುದು ನನ್ನ ಕಸುಬು. ಪತ್ರಿಕೆಯನ್ನು ನಾನೇ ತಿದ್ದಿದ್ದೆ, ಆದ್ದರಿಂದ ತಪ್ಪು ಉಳಿಯುವ ಸಂಭವವಿರಲಿಲ್ಲ.) ಆದರೆ ಅವಳನ್ನು ಕರೆದುಕೊಂಡು ಎಲ್ಲಿಗಾದರೂ ಹೊರಟೆನೆಂದರೆ ಸಾಕು, ಎಲ್ಲೂರೆಂಬ ಹಳ್ಳಿಯ ನಮ್ಮ ಮನೆಯ ಬೇಲಿಯಾಚೆಯಿಂದ ಒಂದು ಧ್ವನಿ ಬರುತ್ತಿತ್ತು:

“ಹೇಗೂ ಹೋಗುದಲ್ವಾ, ನಾನೂ ಬರ್ತೇನೆ.”

ಅದು ನನ್ನ ಅತ್ತೆ ಸರಸಮ್ಮನವರದು. ನಮ್ಮ ಮನೆ ನಿಂತಿರುವುದು ಅವರು ಕೊಟ್ಟ ಜಾಗದಲ್ಲಿ. ಹಾಗಾಗಿ ನಡುವಿನ ಬೇಲಿಗೆ ಗೇಟು ಇದೆ, ಗೇಟಿಗೆ ಚಿಲಕ ಇಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಕಾಪುವಿನ ಕಡಲತೀರದ ದೀಪಸ್ತಂಭದ ಬುಡದಲ್ಲಿ ಕುಳಿತು ಸೂರ್ಯಾಸ್ತ ನೋಡಬೇಕೆಂದು ಹೊರಟೆ. ನಮ್ಮ ಜೊತೆ ಅತ್ತೆ, ಅತ್ತೆಯ ತಂಗಿ, ತಂಗಿಯ ಮಕ್ಕಳು ಮತ್ತು ಒಂದು ಗೊನೆ ಬಾಳೆಹಣ್ಣು ಹೊರಟವು. ಅಂದಿನ ಸೂರ್ಯಾಸ್ತವನ್ನು ನಾನು ಅತ್ತೆಯ ಕೊಡೆಯ ಸಂದಿನಿಂದ ನೋಡಿದೆ. ಸೂರ್ಯನಿಗಿಂತ ಕೊಡೆಯ ಕಡ್ಡಿಗಳೇ ಹೆಚ್ಚು ನೆನಪಿವೆ.

ಅಂದಿನಿಂದ ನನಗೊಂದೇ ಆಸೆ. ದೀಪಸ್ತಂಭ, ಸಂಜೆ, ನಾನು, ಅವಳು. ಅಷ್ಟೇ.

ಎಂಬತ್ತೆರಡರ ಬೇಸಿಗೆಯಲ್ಲಿ ಈ ಆಸೆಗೆ ಚಕ್ರಗಳು ಬಂದವು. ಮಣಿಪಾಲದಲ್ಲಿ ಪಾಠ ಹೇಳುತ್ತಿದ್ದ ಡಾಕ್ಟರೊಬ್ಬರು ಪರದೇಶಕ್ಕೆ ಹೊರಟವರು ತಮ್ಮ ಹಳೆಯ ಸ್ಪೋರ್ಟ್ಸ್ ಕಾರನ್ನು ಯಾರಿಗಾದರೂ ದಾಟಿಸುವ ಅವಸರದಲ್ಲಿದ್ದರು. ಕುಂಕುಮದ ಬಣ್ಣ, ಉದ್ದ ಮೂತಿ, ಮಡಿಸುವ ಟಾಪು. ಮುಖ್ಯವಾಗಿ, ಎರಡೇ ಸೀಟು! ಸೀಟಿನ ಹಿಂದೆ ಇನ್ನೊಬ್ಬರನ್ನು ಕೂರಿಸುವುದಿರಲಿ, ಇನ್ನೊಬ್ಬರ ಕೊಡೆಯನ್ನು ಇಡುವುದಕ್ಕೂ ಜಾಗವಿಲ್ಲ. ಕಾರು ಕಟ್ಟಿದ ಇಂಗ್ಲಿಷಿನವನಿಗೂ ಬೇಲಿಯಾಚೆ ಒಬ್ಬ ಅತ್ತೆ ಇದ್ದಿರಲೇಬೇಕು ಎಂದು ನನಗೆ ತಕ್ಷಣ ಹೊಳೆಯಿತು.

ಕಾರು ಅಂಗಳಕ್ಕೆ ಬಂದ ದಿನ ನಳಿನಾಕ್ಷಿಯನ್ನು ಎಡಗಡೆಯ ಸೀಟಿನಲ್ಲಿ ಕೂರಿಸಿ ಗೇಟಿನಿಂದ ಬಾವಿಕಟ್ಟೆಯವರೆಗೆ ಸವಾರಿ ಮಾಡಿಸಿದೆ. ಇಳಿಯುವಾಗ ಅವಳು ಏಳಲಿಲ್ಲ. ಅತ್ತೆ ಒಂದು ಕೈ, ಅವಳ ತಮ್ಮ ಗಣಪ ಇನ್ನೊಂದು ಕೈ ಹಿಡಿದು ಎಳೆಯಬೇಕಾಯಿತು.

“ಇದೆಂತ ಕಾರು ಮಾರಾಯ್ರೆ! ನೆಲಕ್ಕೆ ಚಾಪೆ ಹಾಕಿ ಕೂತ ಹಾಗೆ ಆಗ್ತದೆ. ಈ ಸೀಟಿಗೆ ಸ್ಪ್ರಿಂಗೇ ಇಲ್ಲ. ಇದರಿಂದ ಏಳ್ಲಿಕ್ಕೆ ಜಾಕ್ ಬೇಕು.”

“ಸ್ಪೋರ್ಟ್ಸ್ ಕಾರು ಅಂದರೆ ಹಾಗೆಯೇ,” ಎಂದೆ, ಸ್ಟೇರಿಂಗು ಹಿಡಿದು ಸಲೀಸಾಗಿ ಎದ್ದು ನಿಲ್ಲುತ್ತ.

“ಹಾಗಾದ್ರೆ ಸ್ಪೋರ್ಟಿಗೆ ನೀವೇ ಹೋಗಿ. ಈ ಸೀಟಲ್ಲಿ ನಾನು ಇನ್ನು ಕೂರುದಿಲ್ಲ.”

ನಾನು ಇದನ್ನು ಶಬ್ದಾರ್ಥದಲ್ಲಿ ತೆಗೆದುಕೊಳ್ಳಲಿಲ್ಲ. ಅವಳಿಗೆ ಬೇಸರ ತಂದದ್ದು ಸೀಟಲ್ಲ, ತೂತು ಬಿದ್ದ ಸೈಲೆನ್ಸರಿನ ಗುಡುಗು ಮತ್ತು ಅಂಗಳದಲ್ಲಿ ಎಣ್ಣೆಯ ರಂಗೋಲಿ ಎಂದು ತೀರ್ಮಾನಿಸಿದೆ. ಉಡುಪಿಯ ಗ್ಯಾರೇಜಿನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೈ ಮುಗಿದರು. ಸರಿ, ರಿಪೇರಿ ಸ್ವಹಸ್ತದಿಂದಲೇ!

ಆದರೆ ಆ ಕಾರಿನ ಅಡಿಗೆ ಹೋಗಬೇಕಾದರೆ ಹಲ್ಲಿಯಾಗಬೇಕಿತ್ತು. ಮೇಲೆತ್ತದೆ ಗತಿಯಿಲ್ಲ. ಆದಿತ್ಯವಾರ ಬೆಳಿಗ್ಗೆ ಜಾಕ್ ಇಟ್ಟು ತಿರುಗಿಸತೊಡಗಿದೆ. ತಿರುಗಿಸಿದೆ, ತಿರುಗಿಸಿದೆ. ಕಾರು ಇದ್ದಲ್ಲೇ ಇತ್ತು. ಜಾಕೇ ಅಂಗಳದ ಮಣ್ಣಿನೊಳಗೆ ಇಳಿಯುತ್ತಿತ್ತು. ಇನ್ನೂ ಸ್ವಲ್ಪ ತಿರುಗಿಸಿದ್ದರೆ ಪಾತಾಳದವರಿಗೆ ಉಪಯೋಗವಾಗುತ್ತಿತ್ತು. ಅಡುಗೆಮನೆಯಿಂದ ಕೂರುವ ಮಣೆ ತಂದು ಜಾಕಿನ ಅಡಿಗಿಟ್ಟೆ. ಕಾರು ಎದ್ದಿತು. ಅದರ ಅಡಿಗೆ ಮನೆ ಕಟ್ಟುವ ಕೆಂಪು ಮುರಕಲ್ಲು ಪೇರಿಸಿ, ಇನ್ನೇನು ನುಸುಳಬೇಕು, ಯಾರೋ ನನ್ನ ಕಾಲು ಹಿಡಿದು ಹಿಂದಕ್ಕೆ ಎಳೆದರು.

“ನಿಮಗೆ ತಲೆ ಸರಿ ಉಂಟಾ?” ನಳಿನಾಕ್ಷಿಯ ಮುಖ ಬಿಳುಪೇರಿತ್ತು. “ಮುರಕಲ್ಲು ಒಡೆದ್ರೆ? ನಾನು ಎಂತ ಮಾಡ್ಲಿ?”

ಕೊನೆಯ ಮಾತಿನಲ್ಲಿ ಅವಳ ಧ್ವನಿ ಸ್ವಲ್ಪ ನಡುಗಿದ್ದನ್ನು ನಾನು ಗಮನಿಸಿ ಜೇಬಿನಲ್ಲಿಟ್ಟುಕೊಂಡೆ. ಆಗಲೇ ಟಪ್ಪೆಂದು ಸದ್ದಾಯಿತು. ಮೇಲಿನ ಕಲ್ಲು ಎರಡು ಹೋಳಾಗಿತ್ತು. ಕಾರು ಪಕ್ಕಕ್ಕೆ ವಾಲಿ, ಉಸ್ಸೆಂದು ಮತ್ತೆ ನೆಲದ ಮೇಲೆ ಕುಳಿತುಕೊಂಡಿತು.

ಆಮೇಲೆ ಕಾಯಿದೆ ಬರೆದವಳು ಅವಳು. ಗಣಪ ಮಲ್ಪೆಯಿಂದ ಮೀನು ಸಾಗಿಸುವ ಟೆಂಪೋದವನು. ಅವನು ಅಲ್ಲಿ ಬೋಟು ರಿಪೇರಿಯವರಿಂದ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡುಗಳನ್ನು ವೆಲ್ಡಿಂಗ್ ಮಾಡಿಸಿ ತಂದ. ಬಟ್ಟೆ ಒಗೆಯುವ ಜಾಗದ ಗಟ್ಟಿ ಸಿಮೆಂಟಿನ ಮೇಲೆ ಕಾರನ್ನು ನಿಲ್ಲಿಸಲಾಯಿತು. ಹ್ಯಾಂಡ್‌ಬ್ರೇಕು ಎಳೆದು, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಇಟ್ಟು, ಅಡಿಯ ದಪ್ಪ ಚಾಸಿಸ್ ಚೌಕಟ್ಟಿಗೆ ಮಾತ್ರ ಜಾಕ್ ಕೊಟ್ಟು, ಹಿಂದಿನ ಭಾಗ ಎತ್ತಿ ಸ್ಟ್ಯಾಂಡು. ಅದು ಸರಿಯಾಗಿ ಕೂತ ಮೇಲೆಯೇ ಮುಂದಿನ ಭಾಗ. ಗೋವರ್ಧನ ಗಿರಿ ಕಿರುಬೆರಳಿನ ಮೇಲೆ ಎದ್ದಿತಂತೆ. ನಮ್ಮ ಗಿರಿ ಗಣಪನ ಹನ್ನೆರಡು ಕಬ್ಬಿಣದ ಕಾಲುಗಳ ಮೇಲೆ ಎದ್ದಿತು.

“ಇನ್ನು ಅಡಿಗೆ ಹೋಗಬಹುದಾ?” ಎಂದೆ.

“ನಿಲ್ಲಿ. ಭಾರ ತಡಿತದಾ ನೋಡ್ಬೇಕು.” ಹೀಗೆಂದವಳು ಸೆರಗು ಸಿಕ್ಕಿಸಿ ಕಾರನ್ನು ನಾಲ್ಕೂ ಕಡೆಯಿಂದ ಅಲುಗಾಡಿಸಿದಳು. ಅದು ಕದಲಲಿಲ್ಲ. ತೃಪ್ತಿಯಾಗದೆ, ಬಾಗಿಲು ತೆಗೆದು ಸ್ಟೇರಿಂಗಿನ ಹಿಂದೆ ಹತ್ತಿ ಕುಳಿತಳು. ಸ್ಟ್ಯಾಂಡಿನ ಮೇಲೆ ಆ ಸೀಟು ಸರಿಯಾಗಿ ಕುರ್ಚಿಯ ಎತ್ತರಕ್ಕೆ ಬಂದಿತ್ತು. ಕುಳಿತವಳು ಸ್ವಲ್ಪ ಹೊತ್ತು ಇಳಿಯಲೇ ಇಲ್ಲ.

“ಈ ಬದಿಯ ಸೀಟು ಅಡ್ಡಿಲ್ಲ,” ಎಂದಳು.

ನನ್ನ ಎದೆಯಲ್ಲಿ ಚೆಂಡೆ ಬಾರಿಸಿತು. ಕಲ್ಲು ಕರಗುತ್ತಿದೆ!

ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಕಾರಿಗೆ ತಗಡಿನ ಮಾಡು ಕಟ್ಟಿದೆ. ಬೊಂಬಾಯಿಯಿಂದ ಬರಬೇಕಾದ ಸಾಮಾನುಗಳು ಲಾರಿಯಲ್ಲಿ ದೇಶಾಟನೆ ಮಾಡುತ್ತಿದ್ದವು. ಮೀನುಗಾರಿಕೆ ನಿಂತು ಕಡಲು ಮುಚ್ಚಿದ್ದರಿಂದ ಗಣಪನ ಟೆಂಪೋವೂ ಖಾಲಿ. ನಾನು ವಾರವಿಡೀ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗಿ ಬರುವುದು, ಆದಿತ್ಯವಾರ ಕಾರಿನ ಅಡಿಯಲ್ಲಿ ಮಲಗುವುದು. ಆದಿತ್ಯವಾರ ನನ್ನ ಕಾಲುಗಳನ್ನು ಬಿಟ್ಟರೆ ಮನೆಯವರಿಗೆ ಬೇರೇನೂ ಕಾಣುತ್ತಿರಲಿಲ್ಲ.

ಆದರೆ ಕಾರಿನಲ್ಲಿ ಶುಭಶಕುನಗಳು ಕಾಣತೊಡಗಿದವು. ಒಮ್ಮೆ ಗೇರಿನ ಹಿಡಿಯ ಬುಡದಲ್ಲಿ ಶಂಕರಪುರ ಮಲ್ಲಿಗೆಯ ಮೊಗ್ಗು ಬಿದ್ದಿತ್ತು. ಇನ್ನೊಮ್ಮೆ ಕನ್ನಡಿ ಬೇರೆಯೇ ಕಡೆ ತಿರುಗಿತ್ತು, ಡ್ರೈವರ್ ಸೀಟು ಮುಂದಕ್ಕೆ ಸರಿದಿತ್ತು. ಪಾಪ, ನಾನಿಲ್ಲದಾಗ ನನ್ನ ಜಾಗದಲ್ಲಿ ಕುಳಿತು, ಕನ್ನಡಿಯಲ್ಲಿ ಮುಖ ನೋಡಿಕೊಂಡು, ನನ್ನನ್ನು ನೆನೆಯುತ್ತಿದ್ದಾಳೆ! ಊಟಕ್ಕೆ ಬಡಿಸುವಾಗ ಅವಳ ಪ್ರಶ್ನೆಗಳೂ ಬದಲಾಗಿದ್ದವು.

“ಹೌದಾ, ಈ ಕ್ಲಚ್ಚು ಉಂಟಲ್ವಾ, ಅದನ್ನು ಒಮ್ಮೆಲೇ ಬಿಟ್ರೆ ಎಂತ ಆಗ್ತದೆ?”

“ಕಾರು ಹಾರಿ ನಿಲ್ಲುತ್ತದೆ. ಮೆಲ್ಲಗೆ ಬಿಡಬೇಕು. ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ.”

“ದರೆಯ ಏರು ಹತ್ತುವಾಗ ಯಾವ ಗೇರು?”

ಸಾರು ಆರಿಹೋಗುವವರೆಗೆ ಉಪನ್ಯಾಸ ಕೊಟ್ಟೆ. ಅವಳು ಕಣ್ಣು ಮಿಟುಕಿಸದೆ ಕೇಳಿದಳು. ನನ್ನ ಮಾತನ್ನು ಅವಳು ಅಷ್ಟು ಶ್ರದ್ಧೆಯಿಂದ ಕೇಳಿದ್ದು ಸಪ್ತಪದಿಯಲ್ಲೂ ಇಲ್ಲ. (ಅಲ್ಲಿ ಮಾತಾಡಿದ್ದು ಭಟ್ಟರು.)

ಚೌತಿ ಕಳೆದು ಆಕಾಶ ತೆರೆಯಿತು. ಸೈಲೆನ್ಸರು ಹೊಸತು, ಎಣ್ಣೆ ಸೋರುವುದು ನಿಂತಿತು, ಬ್ರೇಕು ಬಿಗಿಯಾಯಿತು. ಎತ್ತಿದ ಕ್ರಮವನ್ನೇ ತಿರುವುಮುರುವು ಮಾಡಿ, ಒಂದೊಂದೇ ಸ್ಟ್ಯಾಂಡು ತೆಗೆದು ಕಾರನ್ನು ನೆಲಕ್ಕಿಳಿಸಿದೆವು. ನಾನು ಇಸ್ತ್ರಿ ಅಂಗಿ ತೊಟ್ಟು, ಒಂದು ಚೆಂಡು ಮಲ್ಲಿಗೆ ತಂದು, ಎಡಗಡೆಯ ಬಾಗಿಲನ್ನು ಮಹಾರಾಣಿಗೆ ತೆರೆಯುವಂತೆ ತೆರೆದು ಬಾಗಿ ನಿಂತೆ.

ನಳಿನಾಕ್ಷಿ ಮಲ್ಲಿಗೆ ಮುಡಿದಳು. ಕಾರಿಗೆ ಅರ್ಧ ಸುತ್ತು ಬಂದು ಬಲಗಡೆಯ ಬಾಗಿಲು ತೆರೆದು ಸ್ಟೇರಿಂಗಿನ ಹಿಂದೆ ಕುಳಿತಳು.

“ಅದು ನನ್ನ ಸೀಟು,” ಎಂದೆ.

ಅವಳು ಪರ್ಸಿನಿಂದ ಲೈಸೆನ್ಸು ತೆಗೆದು ತೋರಿಸಿದಳು. ಫೋಟೋದಲ್ಲಿ ನಗುತ್ತಿದ್ದಳು. ಎದುರಿಗೂ ನಗುತ್ತಿದ್ದಳು.

“ಭಾವ, ಅಕ್ಕ ಗೇರು ಎಲ್ಲ ಇದರಲ್ಲೇ ಕೂತು ಕಲಿತದ್ದು, ಎಂಜಿನ್ ಬಂದ್ ಮಾಡಿ,” ಎಂದ ಗಣಪ, ತಲೆ ಕೆರೆಯುತ್ತ. “ಮತ್ತೆ ರೋಡಿನಲ್ಲಿ ನನ್ನ ಟೆಂಪೋದಲ್ಲಿ. ನೀವು ಹೇಳಿದ್ದು ಕ್ಲಚ್ಚಿಗೆ ಭಾರೀ ಉಪಕಾರ ಆಯ್ತು.”

ನಾನು ಕೊನೆಯ ಆಸರೆಯಾಗಿ ಬೇಲಿಯ ಕಡೆ ನೋಡಿದೆ. ಅತ್ತೆ ಗೇಟಿನಲ್ಲಿ ನಿಂತಿದ್ದರು. “ನೀವಿಬ್ಬರೇ ಹೋಗಿ ಬನ್ನಿ ಅಳಿಯಂದಿರೇ,” ಎಂದರು! ಇಷ್ಟು ವರ್ಷ ಕಾದ ವಾಕ್ಯ! ಎಡಗಡೆಯಾದರೇನು, ಬಲಗಡೆಯಾದರೇನು? ಕಣ್ಣು ಮುಚ್ಚಿ ಎಡಗಡೆಯ ಸೀಟಿನಲ್ಲಿ ಕುಳಿತೆ.

ಕುಳಿತೆ ಎನ್ನುವುದು ತಪ್ಪು. ಇಳಿದೆ, ಬಾವಿಗೆ ಕೊಡ ಇಳಿದ ಹಾಗೆ. ಕಾರು ಕೊಂಡ ದಿನದಿಂದ ನಾನು ಆ ಸೀಟಿನಲ್ಲಿ ಒಮ್ಮೆಯೂ ಕುಳಿತಿರಲಿಲ್ಲ. ಮೊಣಕಾಲುಗಳು ಬಂದು ಕಿವಿಗಳನ್ನು ಮುಚ್ಚಿದವು. ಕಾಪುವಿನವರೆಗೂ ನನಗೆ ಕಂಡದ್ದು ಮೇಲೆ ಆಕಾಶ, ಪಕ್ಕದಲ್ಲಿ ಬಸ್ಸಿನ ಟಯರು. ಆದರೆ ಅವಳು ಕಾರು ಬಿಟ್ಟದ್ದು ಸೊಗಸಾಗಿತ್ತು, ಒಪ್ಪಿಕೊಳ್ಳಬೇಕು. ಕ್ಲಚ್ಚು ತೊಟ್ಟಿಲಿನ ಮಗುವಿನ ಹಾಗೆಯೇ ಇಳಿಯುತ್ತಿತ್ತು.

ದೀಪಸ್ತಂಭದ ಹತ್ತಿರ ಕಾರು ನಿಂತಿತು. ಸೂರ್ಯ ಇನ್ನೂ ಒಂದಾಳೆತ್ತರದಲ್ಲಿದ್ದ.

“ಇಳಿಯಿರಿ,” ಎಂದಳು, ಬಾಗಿಲು ತೆರೆದು.

ನಾನು ಪ್ರಯತ್ನಿಸಿದೆ. ಸೀಟು ಒಪ್ಪಲಿಲ್ಲ. ಬಲಕ್ಕೆ ಹೊರಳಿದೆ, ಎಡಕ್ಕೆ ಹೊರಳಿದೆ. ಹಿಡಿಯಲು ಈ ಕಡೆ ಸ್ಟೇರಿಂಗೂ ಇಲ್ಲ.

“ಸ್ಪೋರ್ಟ್ಸ್ ಕಾರು ಅಂದ್ರೆ ಹಾಗೆಯೇ,” ಎಂದಳು ನಳಿನಾಕ್ಷಿ.

ಅಷ್ಟರಲ್ಲಿ ಹಿಂದಿನಿಂದ ಮೀನಿನ ಟೆಂಪೋದ ಹಾರ್ನ್ ಕೇಳಿಸಿತು. ಮೊದಲು ಇಳಿದದ್ದು ಒಂದು ಕೊಡೆ. “ಗಣಪ ಹೇಗೂ ಈ ಕಡೆ ಬರುದಿತ್ತು,” ಎನ್ನುತ್ತ ಅತ್ತೆ ಹಿಂದೆಯೇ ಇಳಿದರು.

“ಗಣಪ, ಡಿಕ್ಕಿಯಿಂದ ಜಾಕ್ ತೆಗಿ,” ಎಂದಳು ನನ್ನ ಹೆಂಡತಿ. “ಮೊದಲು ಚಕ್ರಕ್ಕೆ ಕಲ್ಲು ಇಡು, ಆಯ್ತಾ?”

ಜಾಕ್ ಬೇಕಾಗಲಿಲ್ಲ. ಅತ್ತೆ ಒಂದು ಕೈ, ಗಣಪ ಇನ್ನೊಂದು ಕೈ ಹಿಡಿದು ಎಳೆದರು. ನಾನು ಸಕಲ ಜನಸಮಕ್ಷಮದಲ್ಲಿ ಉದ್ಭವಿಸಿದೆ. ಸೂರ್ಯ ಅದನ್ನು ನೋಡಿಯೇ ಮುಳುಗಿದ.

ನಾಚಿಕೆಯಿಂದ ಬಂಡೆಯ ಮೇಲೆ ಕುಳಿತಿದ್ದೆ. ನಳಿನಾಕ್ಷಿ ಬಂದು ಪಕ್ಕದಲ್ಲಿ ಕುಳಿತಳು. ಮಲ್ಲಿಗೆಯ ಜೊತೆ ಸ್ವಲ್ಪ ಪೆಟ್ರೋಲಿನ ವಾಸನೆಯೂ ಬಂತು.

“ಬರುವ ಆದಿತ್ಯವಾರ ಆ ಸೀಟಿಗೆ ಸ್ಪ್ರಿಂಗ್ ಹಾಕ್ಸಿ,” ಎಂದಳು ಮೆಲ್ಲಗೆ. “ಮತ್ತೆ ನಾವಿಬ್ಬರೇ ಬರುವ. ನಾನು ಕರ್ಕೊಂಡು ಬರ್ತೇನೆ.”

ನನ್ನ ಎದೆಯ ಚೆಂಡೆ ಇನ್ನೇನು ಶುರುವಾಗಬೇಕು, ಬೆನ್ನ ಹಿಂದೆ ಕೊಡೆ ಮಡಿಸುವ ಸದ್ದಾಯಿತು.

“ಹೇಗೂ ಬರುದಲ್ವಾ...”